"ಎಲ್ಲೆಲ್ಲಿ ಹೋಗೋದು ಬಿಟ್ಟೀರಿ?": ಬಾಗಲಕೋಟೆಯ ಹಿರಿಯರಿಗೆ ನಾನು ಕೇಳುವ ಪ್ರಶ್ನೆ

"ನಿಮ್ಮ ಓಣಿಯಲ್ಲಿ ವಯಸ್ಸಾದವರಿಗೆ ಸೌಲಭ್ಯ ಹೇಗಿದೆ?" ಅಂತ ಗುಡಿ ಕಟ್ಟೆ ಮೇಲೆ ಕೂತ ಅಜ್ಜಾರನ್ನು ಕೇಳಿ ನೋಡಿ. "ಚಲೋ ಐತ್ರಿ, ನಮಗೇನ್ ಕಮ್ಮಿ?" ಅಂತಾರೆ. ಅಷ್ಟನ್ನೇ ಬರೆದುಕೊಂಡು ಬಂದರೆ ನಮ್ಮ ಊರು ಹಿರಿಯರಿಗೆ ಸ್ವರ್ಗ ಅಂತ ವರದಿ ಆಗುತ್ತದೆ.

ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಮಗ ಪಕ್ಕದಲ್ಲೇ ನಿಂತಿರುತ್ತಾನೆ. ಕೈಯಲ್ಲಿ ಹಾಳೆ ಹಿಡಿದು ಬಂದವರು ಸರ್ಕಾರದ ಕಡೆಯವರೇನೋ, ಏನಾದರೂ ಅಂದರೆ ಪಗಾರ ನಿಂತೀತು ಅನ್ನೋ ಅಂಜಿಕೆ ಇರುತ್ತದೆ. (ಪಿಂಚಣಿಗೆ ಇಲ್ಲಿ ಎಲ್ಲರೂ ಪಗಾರ ಅಂತಲೇ ಅನ್ನುವುದು.) ಇನ್ನು ಕೆಲವರು ಬೇಡಿಕೆಯನ್ನೇ ಕಡಿಮೆ ಮಾಡಿಕೊಂಡು ಬಿಟ್ಟಿರುತ್ತಾರೆ. ಮೊಣಕಾಲು ನೋಯುತ್ತದೆ ಅಂತ ಸಂತೆ ಬಿಟ್ಟವರಿಗೆ ಸಂತೆಯ ಚಿಂತೆಯೇ ಇರುವುದಿಲ್ಲ ಅಲ್ವಾ?

ಅದಕ್ಕೇ ಸಮಾಜಕಾರ್ಯದ ವಿದ್ಯಾರ್ಥಿಗಳನ್ನು ಕರೆದುಕೊಂಡು ಓಣಿ ತಿರುಗುವಾಗ ನಾನು ಸೌಲಭ್ಯದ ಮಾತು ಎತ್ತುವುದೇ ಇಲ್ಲ. ಒಂದೇ ಪ್ರಶ್ನೆ: "ಮೊದಲು ಹೋಗ್ತಿದ್ದು ಈಗ ಎಲ್ಲೆಲ್ಲಿ ಹೋಗೋದು ಬಿಟ್ಟೀರಿ?" ಅದರ ಬೆನ್ನಿಗೆ "ಯಾವಾಗಿಂದ? ಯಾಕ?" ಈ ಪ್ರಶ್ನೆಗೆ ಯಾರೂ ಅಂಜುವುದಿಲ್ಲ. ಯಾರ ಮೇಲೂ ದೂರು ಹೇಳಿದಂತೆ ಆಗುವುದಿಲ್ಲ. ಮಾತು ತಾನಾಗಿಯೇ ಬರುತ್ತದೆ: ಗುಡಿ, ಬ್ಯಾಂಕು, ತಂಗಿಯ ಮನೆ, ಕ್ಷೌರದ ಅಂಗಡಿ, ಹೊಲ.

ಇದಕ್ಕೊಂದು ಹಿನ್ನೆಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯಸ್ನೇಹಿ ನಗರಗಳ ಬಗ್ಗೆ ಒಂದು ಮಾರ್ಗದರ್ಶಿ ತಂದಿತು. ಜಗತ್ತಿನ 33 ನಗರಗಳಲ್ಲಿ ಹಿರಿಯರನ್ನೇ ಕೂರಿಸಿಕೊಂಡು ಕೇಳಿ ಮಾಡಿದ್ದು ಅದು. ನಮ್ಮ ದೇಶದಿಂದ ದೆಹಲಿ, ಉದಯಪುರ ಇದ್ದವು. ಅದರಲ್ಲಿ ಎಂಟು ವಿಷಯ ಇವೆ: ಬಯಲು ಜಾಗ ಮತ್ತು ಕಟ್ಟಡ, ಸಾರಿಗೆ, ಮನೆ, ಜನರ ಜೊತೆ ಬೆರೆಯುವುದು, ಮರ್ಯಾದೆ, ಊರ ಕೆಲಸದಲ್ಲಿ ಪಾಲು ಮತ್ತು ದುಡಿಮೆ, ಮಾಹಿತಿ, ಆರೈಕೆ ಮತ್ತು ಆರೋಗ್ಯ ಸೇವೆ. ಕೆಲವರು ಈ ಎಂಟನ್ನೂ ಒಂದೊಂದಾಗಿ ಓದಿ ಹೇಳಿ ಐದರಲ್ಲಿ ಎಷ್ಟು ಅಂಕ ಅಂತ ಕೇಳುತ್ತಾರೆ. ಎಪ್ಪತ್ತೆಂಟು ವರ್ಷದ ಆಯಿಗೆ ಅಂಕ ಕೇಳುವುದು ನನಗಂತೂ ಸರಿ ಕಾಣುವುದಿಲ್ಲ. ನಾನು ಆ ಪಟ್ಟಿಯನ್ನು ಮನೆಗೆ ಬಂದ ಮೇಲೆ ತೆಗೆಯುತ್ತೇನೆ. ಹೇಳಿದ ಮಾತನ್ನು ಅದರ ಕೆಳಗೆ ವಿಂಗಡಿಸಿದಾಗ ಯಾವ ಖಾನೆ ಖಾಲಿ ಉಳಿಯಿತು ಅನ್ನುವುದು ಗೊತ್ತಾಗುತ್ತದೆ. ಮರುದಿನ ಅದನ್ನೇ ಕೇಳಬೇಕು.

ಆ ಅಧ್ಯಯನದಿಂದ ನಾನು ಹಾಗೇ ಎತ್ತಿಕೊಂಡ ಪದ್ಧತಿ ಒಂದಿದೆ. ಅವರು 60ರಿಂದ 74ರವರನ್ನೂ 75 ದಾಟಿದವರನ್ನೂ ಬೇರೆ ಬೇರೆ ಗುಂಪಾಗಿ ಕೂರಿಸಿದರು. ಇದು ಬಹಳ ಮುಖ್ಯ. ಅರವತ್ತೆರಡರ ನಿವೃತ್ತ ಮೇಷ್ಟ್ರು ಇದ್ದ ಕಡೆ ಎಂಬತ್ತರವರು ಬಾಯಿ ಬಿಡುವುದಿಲ್ಲ. ಮೇಷ್ಟ್ರು ವಾಕಿಂಗ್ ಪಾರ್ಕ್ ಕೇಳುತ್ತಾರೆ, ಅಜ್ಜಾರಿಗೆ ಬೇಕಿರುವುದು ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸರಳು. ನಾನು ಹೆಂಗಸರನ್ನೂ ಬೇರೆ ಕೂರಿಸುತ್ತೇನೆ. ಮಕ್ಕಳನ್ನೂ ಸೊಸೆಯಂದಿರನ್ನೂ ಚಹಾ ಮಾಡುವ ನೆಪದಲ್ಲಿ ಒಳಗೆ ಕಳಿಸುವ ಕಲೆ ವಿದ್ಯಾರ್ಥಿಗಳು ಬೇಗ ಕಲಿತರು.

ಯಾರನ್ನು ಹುಡುಕಬೇಕು ಅನ್ನುವುದೇ ಅರ್ಧ ಕೆಲಸ. ಕಟ್ಟೆ ಮೇಲೆ ಸಿಗುವವರು ಅಲ್ಲಿಯವರೆಗೆ ನಡೆದು ಬರಬಲ್ಲವರು. ಒಳಕೋಣೆಯಲ್ಲಿ ಇರುವವರ ಗುರುತು ಆಶಾ ಕಾರ್ಯಕರ್ತೆಗೆ ಇರುತ್ತದೆ, ಅಂಚೆಯಣ್ಣನಿಗೆ ಇರುತ್ತದೆ, ಔಷಧ ಅಂಗಡಿಯವನಿಗೆ ಇರುತ್ತದೆ. ರೇಷನ್ ಅಂಗಡಿಯವರಿಗಂತೂ ಚೆನ್ನಾಗಿ ಗೊತ್ತು, ಯಾಕೆಂದರೆ ಹೆಬ್ಬೆಟ್ಟು ಮೂಡದವರು ಯಾರ‍್ಯಾರು ಅಂತ ತಿಂಗಳು ತಿಂಗಳು ನೋಡುತ್ತಾರೆ. ಜೀವನವೆಲ್ಲ ಕಳೆ ಕಿತ್ತು, ಜೋಳ ಕೊಯ್ದು ಬೆರಳಿನ ಗೆರೆ ಸವೆದಿರುತ್ತವೆ. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಒಂದು ಓಣಿಯಲ್ಲಿ ಹೊರಗೆ ಸಿಕ್ಕವರಷ್ಟೇ ಜನ ಒಳಗಿನವರೂ ಆಗುವವರೆಗೆ ನಾನು ಮುಂದಿನ ಓಣಿಗೆ ಹೋಗುವುದಿಲ್ಲ.

ಬಾಗಲಕೋಟೆಯಲ್ಲಿ ಈ ಕೆಲಸಕ್ಕೆ ಬೇರೆಯೇ ಒಂದು ಬಣ್ಣ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ದೊಡ್ಡ ಭಾಗ ಮುಳುಗಡೆ ಆಯಿತು. ಆ ಜನಕ್ಕೆ ಅಂತ ನವನಗರ ಕಟ್ಟಿದರು. ಸೆಕ್ಟರ್ ಲೆಕ್ಕದಲ್ಲಿ ಪ್ಲಾಟು, ನೇರ ರಸ್ತೆ, ಜಿಲ್ಲಾ ಆಸ್ಪತ್ರೆ, ಜಿಲ್ಲಾಡಳಿತ ಭವನ ಎಲ್ಲ ಅಲ್ಲೇ. ಕಾಗದದ ಮೇಲೆ ನೋಡಿದರೆ ಹಿರಿಯರಿಗೆ ನವನಗರವೇ ಮೇಲು. ರಸ್ತೆ ಸಮತಟ್ಟು, ಆಸ್ಪತ್ರೆ ಹತ್ತಿರ, ಮನೆಯೊಳಗೆ ಶೌಚಾಲಯ.

ಆದರೆ ಬಿಟ್ಟ ಜಾಗಗಳ ಪಟ್ಟಿ ಮಾಡಿದರೆ ನವನಗರದ್ದೇ ಉದ್ದ. ನಡು ವಯಸ್ಸಿನಲ್ಲಿ ಮನೆ ಬಿಟ್ಟು ಬಂದವರು ಈಗ ಎಪ್ಪತ್ತು ದಾಟಿದ್ದಾರೆ. ಹಳೆ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡು ಇದ್ದ ನಾಲ್ಕು ಮನೆಯವರು ಈಗ ನಾಲ್ಕು ಸೆಕ್ಟರ್‌ಗಳಲ್ಲಿ ಇದ್ದಾರೆ. "ಆಕಿ ಮನಿ ಗೊತ್ತೈತ್ರಿ, ಆದ್ರ ಹೋಗಾಕ ಆಟೋನೇ ಬೇಕು" ಅಂತ ಒಬ್ಬ ಆಯಿ ಗೆಳತಿಯ ಬಗ್ಗೆ ಹೇಳಿದರು. ಅಷ್ಟು ಸಣ್ಣ ದಾರಿಗೆ ಆಟೋಕ್ಕೆ ದುಡ್ಡು ಕೇಳಿದರೆ ಮನೆಯಲ್ಲಿ ಏನಂದಾರು ಅನ್ನೋ ಸಂಕೋಚ. ಅಗಲ ರಸ್ತೆ ಕಾರಿನವರಿಗೆ ಚೆಂದ. ದಾಟುವವರಿಗೆ ಅದೇ ತೊಂದರೆ. ಸಿಗ್ನಲ್ ಲೆಕ್ಕದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿಯುತ್ತಾರೆ. ಆ ಲೆಕ್ಕಕ್ಕೆ 12 ಮೀಟರ್ ರಸ್ತೆಗೆ 10 ಸೆಕೆಂಡ್ ಸಾಕು. ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ 15 ಬೇಕು. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಚ್ಚಿ ಅವರ ಜೊತೆಗೇ ರಸ್ತೆ ದಾಟಿ ನೋಡಿ, ಗೊತ್ತಾಗುತ್ತದೆ.

ಹಳೆ ಊರು ಹಾಗಲ್ಲ. ಇಕ್ಕಟ್ಟು, ಚರಂಡಿ ಕಲ್ಲು ಎದ್ದಿರುತ್ತದೆ, ದನ ಅಡ್ಡ ಮಲಗಿರುತ್ತದೆ. ಆದರೂ ಎಂಬತ್ತರ ಅಜ್ಜಾರು ದಿನಾ ಮುಂಜಾನೆ ಹೊರಗೆ ಬೀಳುತ್ತಾರೆ. ಯಾಕೆಂದರೆ ಹತ್ತು ಹೆಜ್ಜೆಗೊಂದು ಕಟ್ಟೆ ಇದೆ, ಕೂರಬಹುದು. ಕೂತರೆ ಮಾತಾಡಿಸುವವರು ಇದ್ದಾರೆ. ಬಾಗಲಕೋಟೆಯಲ್ಲಿ ನನಗೆ ಖಾತ್ರಿಯಾದ ಸಂಗತಿ ಇದೇ: ರಸ್ತೆ ಹೇಗಿದೆ ಅನ್ನುವುದಕ್ಕಿಂತ ದಾರಿಯಲ್ಲಿ ಕೂರಲು ಜಾಗ ಇದೆಯಾ ಅನ್ನುವುದು ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಹೊಸ ಬಡಾವಣೆ ಮಾಡುವವರು ಪಾರ್ಕಿನಲ್ಲಿ ಸಾಲಾಗಿ ಬೆಂಚು ಹಾಕುತ್ತಾರೆ. ಪಾರ್ಕಿನವರೆಗೆ ಹೋಗುವ ದಾರಿಯಲ್ಲಿ ಒಂದೂ ಇರುವುದಿಲ್ಲ.

ಬಸ್ಸಿನ ವಿಷಯದಲ್ಲಿ ಗಂಡಸರ ಪಟ್ಟಿ, ಹೆಂಗಸರ ಪಟ್ಟಿ ಬೇರೆ ಬೇರೆ ಬಂದವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತ. ಬಿಟ್ಟ ಊರುಗಳಿಗೆ ಮತ್ತೆ ಹೋಗಲು ಶುರು ಮಾಡಿದ ಅಮ್ಮಂದಿರು ಸಿಕ್ಕರು: ಇಳಕಲ್ಲಿನ ಮಗಳ ಮನೆ, ಬಾದಾಮಿಯ ಬನಶಂಕರಿ. ಗಂಡಸರಿಗೆ 60 ದಾಟಿದರೆ 25% ರಿಯಾಯಿತಿ ಇದೆ, ಆದರೂ ಉಳಿದದ್ದನ್ನು ಕೊಡಬೇಕಲ್ಲ, ಹಾಗಾಗಿ ಮನೆಯಲ್ಲೇ ಉಳಿಯುತ್ತಾರೆ. ಇನ್ನೊಂದು ಸಂಗತಿ ಹೆಂಗಸರು ಗುಂಪಿನಲ್ಲಿ ಹೇಳಲಿಲ್ಲ, ನಡೆಯುವಾಗ ಪಕ್ಕಕ್ಕೆ ಕರೆದು ಹೇಳಿದರು. ಊರಿಗೆ ಹೊರಟರೆ ಮುಂಜಾನೆಯಿಂದ ನೀರು ಕುಡಿಯುವುದಿಲ್ಲವಂತೆ. ದಾರಿಯಲ್ಲಿ ಶೌಚಾಲಯ ಸಿಗುತ್ತದೆ ಅನ್ನೋ ನಂಬಿಕೆ ಇಲ್ಲ. ಸಿಕ್ಕರೂ ಕುಕ್ಕರಗಾಲಲ್ಲಿ ಕೂತರೆ ಏಳಲು ಆಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ ನೀರು ಬಿಟ್ಟು ಪ್ರಯಾಣ! ಟಿಕೆಟ್ ಉಚಿತ ಆದ ಮೇಲೂ ಈ ಅಡ್ಡಿ ಹಾಗೇ ಇದೆ.

ಔಷಧದ ಬಗ್ಗೆ "ಸಿಗುತ್ತದಾ" ಅಂತ ಕೇಳಬೇಡಿ. "ಗುಳಿಗಿ ತೋರಿಸ್ರಿ" ಅನ್ನಿ. ಗುಳಿಗೆಯ ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿವೆ, ಯಾವಾಗ ತಂದದ್ದು ಅಂತ ನೋಡಿದರೆ ಸಾಕು. ಬಿಪಿ ಗುಳಿಗೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡು ತಿಂಗಳದ್ದನ್ನು ಎರಡು ತಿಂಗಳು ಮಾಡುವವರು ಎಲ್ಲ ಓಣಿಯಲ್ಲೂ ಇದ್ದಾರೆ. ಹಾಗೆಯೇ ಮಧ್ಯಾಹ್ನ ಏನು ಊಟ ಮಾಡಿದಿರಿ ಅಂತ ಕೇಳಿ. ರೊಟ್ಟಿ ನಾಡಿನಲ್ಲಿ ಹಲ್ಲು ಹೋದವರ ಪಾಡು ಯಾರ ವರದಿಯಲ್ಲೂ ಕಾಣುವುದಿಲ್ಲ. ಒಣಗಿದ ಗಟ್ಟಿ ಖಟಿ ರೊಟ್ಟಿ ಬಿಟ್ಟು, ಬಿಸಿ ರೊಟ್ಟಿ ಮಾಡಿಕೊಡಿ ಅಂತ ಕೇಳಲೂ ಆಗದೆ, ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಕಣ್ಣಿನ ಶಿಬಿರ ನಡೆಯುತ್ತವೆ. ಹಲ್ಲಿನ ಸೆಟ್ಟಿನ ಮಾತು ಯಾರೂ ಎತ್ತುವುದಿಲ್ಲ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ಸಂಧ್ಯಾ ಸುರಕ್ಷಾ ಅನ್ನುವ ಸರ್ಕಾರಿ ಪಿಂಚಣಿ 65 ದಾಟಿದವರಿಗೆ, ತಿಂಗಳಿಗೆ 1200 ರೂಪಾಯಿ. ಬರುತ್ತದಾ ಅನ್ನುವುದಕ್ಕಿಂತ "ಈ ತಿಂಗಳು ನಿಮ್ಮ ಕೈಯಾರೆ ಏನು ಕೊಂಡ್ರಿ?" ಅಂತ ಕೇಳಿದರೆ ಹಣ ಯಾರ ಕೈಗೆ ಹೋಗುತ್ತಿದೆ ಅಂತ ತಿಳಿಯುತ್ತದೆ.

ಮನೆಯೊಳಗಿನ ಕಿರುಕುಳ ಕಂಡರೆ ಗುಂಪಿನಲ್ಲಿ ಬಾಯಿ ಬಿಡಬಾರದು. ನೀವು ಹೋದ ಮೇಲೆ ಅವರು ಅದೇ ಮನೆಯಲ್ಲಿ ಇರಬೇಕು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರಿಂದ ಇದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ವಕೀಲರು ಬೇಕಿಲ್ಲ. ಸಹಾಯವಾಣಿ 14567. ಈ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ನನ್ನ ಚೀಲದಲ್ಲಿ ಇರುತ್ತದೆ. ಒಬ್ಬರೇ ಸಿಕ್ಕಾಗ ಕೊಡುತ್ತೇನೆ. ಹೆಚ್ಚಿನವರು ಮಗನ ಮೇಲೆ ಅರ್ಜಿ ಹಾಕಲು ಒಪ್ಪುವುದಿಲ್ಲ. ನಾನು ಒತ್ತಾಯ ಮಾಡುವುದಿಲ್ಲ. ಇದಕ್ಕೆ ನನ್ನ ಸಹೋದ್ಯೋಗಿಗಳಲ್ಲೇ ತಕರಾರು ಇದೆ.

ಕೊನೆಗೆ ಇದನ್ನೆಲ್ಲ ಯಾರ ಮುಂದೆ ಇಡಬೇಕು? ಅಂಕಪಟ್ಟಿ ಕೊಟ್ಟರೆ ಯಾರೂ ಓದುವುದಿಲ್ಲ. ನಾವು ಓಣಿಯ ನಕ್ಷೆ ಬರೆದು, ಜನ ಹೋಗುವುದು ಬಿಟ್ಟ ಜಾಗಕ್ಕೆಲ್ಲ ಕೆಂಪು ಚುಕ್ಕೆ ಇಟ್ಟೆವು. ಒಂದೇ ಗುಡಿಗೆ ಚುಕ್ಕೆಯ ಮೇಲೆ ಚುಕ್ಕೆ ಬಿದ್ದಾಗ ಗುಡಿ ಕಮಿಟಿಯವರಿಗೆ ತಾವಾಗಿಯೇ ಮನಸ್ಸಿಗೆ ನಾಟಿತು. ಇಳಿಜಾರು ಮಾಡಿಸುತ್ತೇವೆ ಅಂದರು. ಮಾಡಿಸಿದರು ಕೂಡ, ಆದರೆ ಬಹಳ ಕಡಿದು. ನಿಯಮದ ಪ್ರಕಾರ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅವರು ಜಾಗ ಉಳಿಸಲು ನಾಲ್ಕೇ ಅಡಿಯಲ್ಲಿ ಮುಗಿಸಿದ್ದರು. ಅದರ ಮೇಲೆ ಈಗ ಹುಡುಗರು ಬೈಕ್ ಏರಿಸುತ್ತಾರೆ. ಪಕ್ಕದಲ್ಲಿ ಒಂದು ಕಬ್ಬಿಣದ ಹಿಡಿಕೆ ಹಾಕಿಸಿದ ಮೇಲೆ ಹಿರಿಯರು ಮೆಟ್ಟಿಲನ್ನೇ ಹತ್ತುತ್ತಿದ್ದಾರೆ. ಖರ್ಚಿಲ್ಲದೆ ಆದದ್ದೂ ಇದೆ: ಔಷಧ ಅಂಗಡಿಯವರು ಹೊರಗೆ ಎರಡು ಖುರ್ಚಿ ಇಟ್ಟರು. ಶೌಚಾಲಯದ ಬೇಡಿಕೆ ಮಾತ್ರ ಇನ್ನೂ ಅರ್ಜಿಯಲ್ಲೇ ಇದೆ.

ಕೆಲವು ತಿಂಗಳು ಬಿಟ್ಟು ಅದೇ ಮನೆಗಳಿಗೆ ಹೋಗಿ ಅದೇ ಪ್ರಶ್ನೆ ಕೇಳುತ್ತೇವೆ. ಯಾವ ಚುಕ್ಕೆ ಅಳಿಸಿತು, ಯಾವುದು ಹೊಸದಾಗಿ ಬಂತು ಅಂತ ಗುರುತು ಹಾಕುತ್ತೇವೆ. ಮೊದಲ ಸುತ್ತು ಚಳಿಗಾಲದಲ್ಲಿ ಮಾಡಿದ್ದರೆ ಎರಡನೆಯದನ್ನು ಏಪ್ರಿಲ್-ಮೇ ತಿಂಗಳಲ್ಲಿ ಮಾಡಿ. ಬಿಸಿಲು 40 ಡಿಗ್ರಿ ಮುಟ್ಟಿದಾಗ ನೆರಳಿಲ್ಲದ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ, ನಕ್ಷೆಯೇ ಬದಲಾಗುತ್ತದೆ.