ಇಂಗ್ಲೆಂಡಿನ ಡಾಕ್ಟರ್ ಮುಂದೆ ‘ಆಗಿ ಬರಲ್ಲ’ ಅನ್ನುವ ಮೊದಲು

ಕಳೆದ ತಿಂಗಳು ಸೇಡಂ ಕಡೆಯ ಹುಡುಗನೊಬ್ಬ ಲೆಸ್ಟರ್‌ಗೆ ಹೊಸದಾಗಿ ಬಂದ. ಜಿಪಿ ಸರ್ಜರಿಯ (ಇಲ್ಲಿ ನಮ್ಮ ಏರಿಯಾ ಡಾಕ್ಟರ ಕ್ಲಿನಿಕ್‌ಗೆ ಹಾಗನ್ನುತ್ತಾರೆ) ಫಾರ್ಮ್ ತುಂಬಲು ನಮ್ಮ ಮನೆಗೆ ಬಂದಿದ್ದ. ಅಲರ್ಜಿ ಅನ್ನುವ ಕಡೆ ಬಂದಾಗ, "ಅಮಾಕ್ಸಿಸಿಲಿನ್ ನನಗ ಆಗಿ ಬರಂಗಿಲ್ರಿ" ಅಂದು ಅದನ್ನೇ ಬರೆಯಲು ಹೊರಟ. ನಾನು ಅವನ ಕೈ ಹಿಡಿದು ನಿಲ್ಲಿಸಿದೆ. 2013ರಲ್ಲಿ ನಾನೂ ಅದೇ ಜಾಗದಲ್ಲಿ ಅದನ್ನೇ ಬರೆದಿದ್ದೆ.

ಜಿಪಿ ಹತ್ತಿರ ಹೆಸರು ಬರೆಸುವುದು ಹೇಗೆ, ಅಂಗಡಿಯಲ್ಲಿ ಕೇಳಿದ ಕೂಡಲೇ ಇಲ್ಲಿ ಆಂಟಿಬಯೋಟಿಕ್ ಸಿಗಲ್ಲ, ಇವೆಲ್ಲ ನಿಮಗೆ ಗೊತ್ತಿರುತ್ತೆ. ಅದನ್ನು ಬಿಟ್ಟು ನನ್ನ ಎರಡು ವಾರದ ದುಡಿಮೆ ತಿಂದ ವಿಷಯ ಹೇಳುತ್ತೇನೆ.

ನಮ್ಮ ಕಲಬುರಗಿ ಮಾತಿನಲ್ಲಿ ‘ಆಗಿ ಬರಲ್ಲ’ ಅಂದರೆ ಏನೂ ಇರಬಹುದು. ಹೊಟ್ಟೆ ಕೆಡುತ್ತೆ, ಬಾಯಿ ಕಹಿ ಆಗುತ್ತೆ, ಉಷ್ಣ ಆಗುತ್ತೆ, ವಾಂತಿ ಬಂದಂಗೆ ಆಗುತ್ತೆ. ಊರಿನ ಡಾಕ್ಟರಿಗೆ ಇದು ಅರ್ಥವಾಗುತ್ತೆ, ಬೇರೆ ಗುಳಿಗೆ ಬರೆದು ಕಳಿಸುತ್ತಾರೆ. ಇಲ್ಲಿನ ಫಾರ್ಮ್‌ನಲ್ಲಿ ಇದಕ್ಕೆಲ್ಲ ಇರುವುದು ಒಂದೇ ಜಾಗ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಮನೆತನದ ಆಂಟಿಬಯೋಟಿಕ್, ಹಾಗಾಗಿ ಅಲ್ಲಿ ಬರೆದದ್ದು ‘ಪೆನಿಸಿಲಿನ್ ಅಲರ್ಜಿ’ ಅಂತ ಕಂಪ್ಯೂಟರ್ ಸೇರುತ್ತೆ. ಆಮೇಲೆ ಯಾವ ಡಾಕ್ಟರ್ ನೋಡಿದರೂ ಮೊದಲು ಕಾಣುವುದು ಅದೇ.

ಮೂರು ವರ್ಷ ಏನೂ ಆಗಲಿಲ್ಲ. 2016ರಲ್ಲಿ ಗೋದಾಮಿನ ಕೆಲಸದ ಬೂಟು ಕಚ್ಚಿ ಕಾಲು ಕೆಂಪಾಗಿ ಊದಿತು. ಚರ್ಮದ ಇಂಥ ಸೋಂಕಿಗೆ ಇಲ್ಲಿ ಮೊದಲು ಕೊಡುವುದು ಫ್ಲುಕ್ಲೊಕ್ಸಾಸಿಲಿನ್. ಅದೂ ಪೆನಿಸಿಲಿನ್ ಮನೆತನದ ಮದ್ದೇ. ನನಗೆ ಅಲರ್ಜಿ ಅಂತ ಬರೆದಿತ್ತಲ್ಲ, ಹಾಗಾಗಿ ಬೇರೆ ಗುಂಪಿನ ಕ್ಲಾರಿತ್ರೊಮೈಸಿನ್ ಕೊಟ್ಟರು. ಕೊಲೆಸ್ಟ್ರಾಲ್‌ಗೆ ತಗೊಳ್ಳುತ್ತಿದ್ದ ಸಿಮ್ವಾಸ್ಟಾಟಿನ್ ಜೊತೆ ಅದು ಅಪಾಯ, ಮಾಂಸಖಂಡಕ್ಕೆ ಪೆಟ್ಟು ಅಂತ ಫಾರ್ಮಸಿಸ್ಟ್ ಹಿಡಿದರು. ಅಷ್ಟು ದಿನ ಸಿಮ್ವಾಸ್ಟಾಟಿನ್ ನಿಲ್ಲಿಸಿದೆ. ಆದರೆ ಕ್ಲಾರಿತ್ರೊಮೈಸಿನ್ ನುಂಗಿದರೆ ವಾಂತಿ, ತಡೆಯಲಾಗಲಿಲ್ಲ. ಆಗ ಡಾಕ್ಸಿಸೈಕ್ಲಿನ್ ಕೊಟ್ಟರು. ಹೊಟ್ಟೆ ಉರಿಗೆ ಊರಿಂದ ತಂದಿದ್ದ ಆಸಿಡಿಟಿ ಟಾನಿಕ್ ಇತ್ತು. ಗುಳಿಗೆ ನುಂಗಿದ ಕೂಡಲೇ ಅದನ್ನೂ ಕುಡಿಯುತ್ತಿದ್ದೆ. ಟಾನಿಕ್‌ನ ಮೆಗ್ನೀಷಿಯಂ, ಅಲ್ಯೂಮಿನಿಯಂ ಆ ಮದ್ದನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತೆ, ರಕ್ತಕ್ಕೆ ಸೇರಲು ಬಿಡಲ್ಲ. ಜೊತೆಗೆ ಆಸಿಡಿಟಿ ಮದ್ದು ತಗೊಳ್ಳಬೇಡಿ ಅಂತ ಡಾಕ್ಸಿಸೈಕ್ಲಿನ್ ಡಬ್ಬಿಯ ಲೇಬಲ್‌ನಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ಬಾವು ಮೊಣಕಾಲಿನ ತನಕ ಏರಿತು. ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್. ಏಜೆನ್ಸಿ ಕೆಲಸ, ಎರಡು ವಾರದ ಪಾಳಿ ಹೋಯಿತು. ವಾರ್ಡಿನ ಡಾಕ್ಟರ್ ಒಬ್ಬರು ಮಂಚದ ಪಕ್ಕ ಕೂತು ಕೇಳಿದರು: ಪೆನಿಸಿಲಿನ್ ತಗೊಂಡಾಗ ನಿಜವಾಗಿ ಏನಾಯಿತು? ನನಗೇ ಗೊತ್ತಿರಲಿಲ್ಲ. ಕಲಬುರಗಿಗೆ ಫೋನ್ ಮಾಡಿದೆ. "ಏಳು ವರ್ಷದಾಂವ ಇದ್ದಿ, ಎರಡು ದಿನ ಜುಲಾಬ ಹತ್ತಿತ್ತು. ಮೈ ಮ್ಯಾಲ ಏನೂ ಎದ್ದಿರಲಿಲ್ಲ" ಅಂದಳು ಅವ್ವ. ಅದು ಅಲರ್ಜಿ ಅಲ್ಲ, ಸೈಡ್ ಎಫೆಕ್ಟ್.

ಪೆನಿಸಿಲಿನ್ ಅಲರ್ಜಿ ಅಂತ ಬರೆಸಿಕೊಂಡ 10 ಜನರನ್ನು ಪರೀಕ್ಷೆ ಮಾಡಿದರೆ ಸುಮಾರು 9 ಜನರಿಗೆ ಅದು ಇರುವುದೇ ಇಲ್ಲ. ನಾನೂ ಆ ಪರೀಕ್ಷೆಗೆ ತಿಂಗಳುಗಟ್ಟಲೆ ಕಾದೆ. ಆಸ್ಪತ್ರೆಯಲ್ಲಿ ಕೂರಿಸಿ ಪೆನಿಸಿಲಿನ್ ಕೊಟ್ಟು ನೋಡಿದರು. ಏನೂ ಆಗಲಿಲ್ಲ. ಅವತ್ತು ದಾಖಲೆಯಿಂದ ಆ ಸಾಲು ತೆಗೆದರು.

ಇದನ್ನು ಓದಿ ಯಾರೂ ಮನೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ಗುಳಿಗೆ ನುಂಗಿದ ಗಂಟೆ ಎರಡು ಗಂಟೆಯಲ್ಲಿ ಮೈಯೆಲ್ಲ ದದ್ದು ಎದ್ದಿದ್ದರೆ, ತುಟಿ ಮುಖ ಊದಿದ್ದರೆ, ಉಸಿರು ಕಟ್ಟಿದ್ದರೆ, ಅಥವಾ ಆಮೇಲೆ ಚರ್ಮದ ಮೇಲೆ ಗುಳ್ಳೆ ಎದ್ದು ಸುಲಿದಿದ್ದರೆ ಅದು ನಿಜವಾದ ಅಲರ್ಜಿ. ಅದನ್ನು ಯಾವತ್ತೂ ಮುಚ್ಚಿಡಬೇಡಿ. ಅಂಥವರು ಇನ್ನೊಂದು ತಿಳಿದಿರಬೇಕು. ನಾವು ಊರಲ್ಲಿ ಆಗ್ಮೆಂಟಿನ್ ಅನ್ನುವುದಕ್ಕೆ ಇಲ್ಲಿ ಕೋ-ಅಮಾಕ್ಸಿಕ್ಲಾವ್ ಅಂತ ಹೆಸರು. ಹೆಸರು ಬೇರೆಯಾದರೂ ಒಳಗಿರುವುದು ಪೆನಿಸಿಲಿನ್ನೇ. ಹೊಸ ಗುಳಿಗೆ ನುಂಗಿ ತುಟಿ ಊದಿದರೆ, ಉಸಿರು ಕಟ್ಟಿದರೆ ಸೀದಾ 999ಕ್ಕೆ ಫೋನ್ ಮಾಡಿ, ಇಲ್ಲಿನ ಆಂಬ್ಯುಲೆನ್ಸ್ ನಂಬರ್ ಅದು.

ನಮ್ಮಲ್ಲಿ ಗುಳಿಗೆ ಅಂದರೆ ರೊಟ್ಟಿ ಉಂಡ ಮೇಲೆ, ಅಲ್ವಾ? ಫ್ಲುಕ್ಲೊಕ್ಸಾಸಿಲಿನ್ ಹಾಗಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲ ಊಟವಾಗಿ ಎರಡು ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲ. ಫೋನಿನಲ್ಲಿ ಅಲಾರಂ ಇಡದೆ ಇದು ಆಗುವ ಕೆಲಸವಲ್ಲ. ಡಾಕ್ಸಿಸೈಕ್ಲಿನ್ ಕೂತು, ಒಂದು ಲೋಟ ತುಂಬ ನೀರಿನ ಜೊತೆ ತಗೊಳ್ಳಿ. ನುಂಗಿ ಹಾಗೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗುತ್ತೆ. ಮೆಟ್ರೋನಿಡಜೋಲ್ ಅನ್ನುವ ಆಂಟಿಬಯೋಟಿಕ್ ತಗೊಳ್ಳುವಾಗ ಮದ್ಯ ಬೇಡ, ಮುಗಿದ ಮೇಲೂ 48 ಗಂಟೆ ಬೇಡ. ಒಂದು ಸಲ ಮರೆತರೆ ಮುಂದಿನ ಸಲ ಎರಡು ನುಂಗಬೇಡಿ.

ಊರಿಂದ ಸಿಪ್ರೊ (ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್) ಸ್ಟ್ರಿಪ್ ತರುವವರಿಗೂ ಒಂದು ಮಾತು. ಬೇರೆ ಆಂಟಿಬಯೋಟಿಕ್ ಸರಿಹೋಗದಿದ್ದರೆ ಮಾತ್ರ ಆ ಗುಂಪಿನ ಮದ್ದು ಕೊಡಬೇಕು ಅಂತ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಹೇಳಿತು. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ, ನರಗಳಿಗೆ ಶಾಶ್ವತ ಪೆಟ್ಟು ಬೀಳಬಹುದು ಅಂತ. ನಾವೋ ಅದನ್ನು ಹೊಟ್ಟೆ ಕೆಟ್ಟರೆ ಸುಮ್ನೆ ನುಂಗುತ್ತೇವೆ.

ಯಾವ ಪದ್ಧತಿ ಒಳ್ಳೆಯದು ಅಂತ ಕೇಳುತ್ತಾರೆ. ಡಾಕ್ಟರನ್ನು ಕಾಣುವುದರಲ್ಲಿ ಕಲಬುರಗಿಯೇ ಮೇಲು. ಜ್ವರ ಬಂದ ಸಂಜೆಯೇ ಯಾರಾದರೂ ನಾಡಿ ಹಿಡಿಯುತ್ತಾರೆ. ಇಲ್ಲಿ ಆ ಕಾಯುವಿಕೆ ನನಗೆ ಇವತ್ತಿಗೂ ಸಿಟ್ಟು ತರಿಸುತ್ತೆ. ಆದರೆ ಮದ್ದು ಕೈಗೆ ಬರುವ ಕ್ರಮದಲ್ಲಿ ಇಲ್ಲಿನದೇ ಜಾಸ್ತಿ ಒಳ್ಳೆಯದು. ನಮ್ಮಲ್ಲಿ ಮೆಡಿಕಲ್‌ನವರು ಸ್ಟ್ರಿಪ್ ಕತ್ತರಿಸಿ ನಾಲ್ಕು ಗುಳಿಗೆ ಕಾಗದದ ಚೀಲಕ್ಕೆ ಹಾಕುತ್ತಾರೆ. ಹೆಸರು, ಅವಧಿ ಎಷ್ಟೋ ಸಲ ಉಳಿದ ತುಂಡಿನಲ್ಲೇ ಹೋಗುತ್ತೆ. ಆಂಟಿಬಯೋಟಿಕ್ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುತ್ತೆ, ಚೀಟಿ ಇಲ್ಲದೆ ಕೊಡಬಾರದು ಅಂತ. ಆ ಗೆರೆ ನೋಡಿ ಯಾರೂ ಕೈ ಹಿಂದೆ ತೆಗೆದದ್ದು ನಾನು ಕಂಡಿಲ್ಲ.

ಸೇಡಂ ಹುಡುಗ ಅವತ್ತೇ ನಮ್ಮ ಮನೆಯಿಂದ ಅವರವ್ವನಿಗೆ ಫೋನ್ ಮಾಡಿದ. ಯಾವ ಗುಳಿಗೆ, ಎಷ್ಟು ಹೊತ್ತಿಗೆ, ಏನಾಯಿತು, ಮೂರನ್ನೂ ಕೇಳಿದ. ಅವನಿಗೆ ಆಗಿದ್ದು ವಾಕರಿಕೆ ಮಾತ್ರ. ಫಾರ್ಮ್‌ನಲ್ಲಿ ಹಾಗೇ ಬರೆದೆವು: ಅಲರ್ಜಿ ಇಲ್ಲ, ಅಮಾಕ್ಸಿಸಿಲಿನ್‌ನಿಂದ ಒಮ್ಮೆ ವಾಕರಿಕೆ ಆಗಿತ್ತು.