ಗೋಡೆ ನೋಡಿ ತಿಜೋರಿ: ಬೆಂಗಳೂರಿನ ಎರಡು ಮನೆಗಳಲ್ಲಿ ಕೂರಿಸಿದ ಅನುಭವ

ತಿಜೋರಿ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ನೋಡುವುದು ಬೀಗ. ನಂಬರ್ ಒತ್ತುವುದೋ, ಬೆರಳಚ್ಚಿನದೋ, ಮೊಬೈಲಿಗೆ ಮೆಸೇಜ್ ಬರುತ್ತದೋ ಎಂದು ವಿಚಾರಿಸುತ್ತಾರೆ. ನಾನು ಅಂಗಡಿಗೆ ಹೋಗುವ ಮೊದಲೇ ಮನೆಯ ಗೋಡೆ ಮತ್ತು ನೆಲ ನೋಡಿಕೊಂಡೆ. ಹದಿನೈದು ಕಿಲೋ ತೂಗುವ ಪೆಟ್ಟಿಗೆಯ ಬೀಗ ತೆಗೆಯುತ್ತಾ ಕಳ್ಳ ಕೂರುವುದಿಲ್ಲ. ಬೆಡ್‌ಶೀಟಿನಲ್ಲಿ ಸುತ್ತಿ ಹೊತ್ತುಕೊಂಡು ಹೋಗಿ, ಬೇರೆಲ್ಲೋ ಕೂತು ಗ್ರೈಂಡರಿನಲ್ಲಿ ನಿಧಾನವಾಗಿ ಕತ್ತರಿಸುತ್ತಾನೆ. ಆದ್ದರಿಂದ ಪೆಟ್ಟಿಗೆ ಎಷ್ಟು ಗಟ್ಟಿ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಅದನ್ನು ಯಾವುದಕ್ಕೆ ಬಿಗಿಯುತ್ತೀರಿ ಎನ್ನುವುದು. ಇಲ್ಲಿ ಬರೆದಿರುವುದು ಎರಡು ಮನೆಗಳ ಕೆಲಸ. ಒಂದು ನಾವಿರುವ ಎರಡನೇ ಮಹಡಿಯ ಫ್ಲಾಟ್, ಇನ್ನೊಂದು ಹನುಮಂತನಗರದಲ್ಲಿ ಅಪ್ಪ ಅಮ್ಮ ಇರುವ ಹಳೆಯ ಮನೆ. ಎರಡಕ್ಕೂ ದಾರಿ ಬೇರೆಯೇ ಆಯಿತು.

ಗೋಡೆಯ ಪುಡಿ

ನಿಮ್ಮ ಗೋಡೆ ಯಾವುದರದ್ದು ಎಂದು ಬಿಲ್ಡರನ್ನು ಕೇಳುವುದಕ್ಕಿಂತ ಡ್ರಿಲ್ಲನ್ನು ಕೇಳುವುದು ವಾಸಿ. ವಾರ್ಡ್‌ರೋಬಿನ ಹಿಂದೆ ಕಣ್ಣಿಗೆ ಬೀಳದ ಕಡೆ 6 ಎಂಎಂ ಬಿಟ್ಟಿನಲ್ಲಿ ಒಂದು ತೂತು ಕೊರೆದು, ಕೆಳಗೆ ಬಿಳಿ ಕಾಗದ ಹಿಡಿಯಿರಿ. ಪ್ಲಾಸ್ಟರಿನ 12–15 ಎಂಎಂ ದಾಟಿದ ಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಬಣ್ಣದ ತರಿತರಿ ಪುಡಿ ಸರಾಗವಾಗಿ ಬಂದರೆ ಸಾಲಿಡ್ ಬ್ಲಾಕ್. ಒಳಗೆ ಡ್ರಿಲ್ಲಿನ ಬಿಟ್ಟು ಥಟ್ಟನೆ ಮುಂದಕ್ಕೆ ಜಾರಿದರೆ ಹಾಲೋ ಬ್ಲಾಕ್. ಬೆಣ್ಣೆಯಲ್ಲಿ ಇಳಿದಂತೆ ಇಳಿದು ನುಣುಪಾದ ಬಿಳಿ ಪುಡಿ ಸುರಿದರೆ ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರವಾದ ಎಎಸಿ ಬ್ಲಾಕ್. ಸಾಮಾನ್ಯ ಡ್ರಿಲ್ ಕಿರುಚಾಡಿದರೂ ಮುಂದೆ ಹೋಗದೆ ಬೂದು ಹಿಟ್ಟು ಮಾತ್ರ ಉದುರುತ್ತಿದ್ದರೆ ಅದು ಕಂಬಿ ಕಟ್ಟಿ ಹೊಯ್ದ ಕಾಂಕ್ರೀಟ್, ಅಂದರೆ ಆರ್‌ಸಿಸಿ: ಕಾಲಮ್ಮು, ಬೀಮು, ಇಲ್ಲವೇ ಮೈವಾನ್ ಅಚ್ಚಿನಲ್ಲಿ ಎರಕ ಹೊಯ್ದ ಗೋಡೆ.

ಆರ್‌ಸಿಸಿ ಸಿಕ್ಕಿದರೆ ಕೆಲಸ ಅರ್ಧ ಮುಗಿದ ಹಾಗೆ, ಸಾದಾ ಆಂಕರ್ ಬೋಲ್ಟೇ ಸಾಕು. 9 ಇಂಚಿನ ಇಟ್ಟಿಗೆ ಗೋಡೆಯೂ ಪರವಾಗಿಲ್ಲ, ಆದರೆ ಬೋಲ್ಟು ಇಟ್ಟಿಗೆಯ ನಡುವೆ ಹೋಗಬೇಕೇ ಹೊರತು ಗಾರೆಯ ಸಂದಿಗಲ್ಲ. 4 ಇಂಚಿನ ಬ್ಲಾಕ್ ಗೋಡೆಗೆ ಹಿಗ್ಗುವ ಆಂಕರ್ ಹಾಕಿ ಬಿಗಿದರೆ ಬ್ಲಾಕೇ ಸೀಳುತ್ತದೆ, ಬಿಗಿದಷ್ಟೂ ಸಡಿಲವಾಗುತ್ತದೆ. ಅಲ್ಲಿ ಕೆಮಿಕಲ್ ಆಂಕರ್ ಬೇಕು, ಅಂದರೆ ತೂತಿಗೆ ಅಂಟು ತುಂಬಿ ರಾಡು ಕೂರಿಸುವುದು. ಹಾಲೋ ಬ್ಲಾಕಿಗೆ ಅದರ ಜೊತೆ ಜಾಲರಿ ಕೊಳವೆಯೂ ಬೇಕು, ಇಲ್ಲದಿದ್ದರೆ ಅಂಟೆಲ್ಲ ಪೊಳ್ಳಿನೊಳಗೆ ಸುರಿದು ವ್ಯರ್ಥ. ಎಎಸಿ ಗೋಡೆಯನ್ನು ನಾನು ನಂಬುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ರಾಡನ್ನು ಆಚೆ ಬದಿಗೆ ತೂರಿಸಿ, 6 ಎಂಎಂ ದಪ್ಪದ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಹಾಕಬೇಕು.

ವಾರ್ಡ್‌ರೋಬಿನ 18 ಎಂಎಂ ಪ್ಲೈವುಡ್ಡಿಗೆ ನಾಲ್ಕು ಸ್ಕ್ರೂ ಹೊಡೆದು "ಫಿಟ್ ಆಯ್ತು ಸಾರ್" ಎಂದು ಹೋಗುವುದು ಈ ಊರಿನಲ್ಲಿ ತೀರಾ ಸಾಮಾನ್ಯ. ಹಾರೆಯ ಒಂದೇ ಮೀಟಿಗೆ ಸ್ಕ್ರೂಗಳ ಜೊತೆ ಪ್ಲೈಯ ಚೂರೂ ಕಿತ್ತು ಬರುತ್ತದೆ. ದಯವಿಟ್ಟು ಅದನ್ನು ಒಪ್ಪಿಕೊಳ್ಳಬೇಡಿ.

ಪೆಟ್ಟಿಗೆಯ ಆಯ್ಕೆ

ಅಳತೆಯನ್ನು ಲೀಟರ್ ಲೆಕ್ಕದಲ್ಲಿ ನೋಡಬೇಡಿ. ಮನೆಯ ಪತ್ರಗಳ ಫೈಲು, ಬಳೆಯ ಡಬ್ಬಿ, ಹಾರದ ಪೆಟ್ಟಿಗೆಗಳನ್ನು ಟೇಬಲ್ಲಿನ ಮೇಲೆ ಜೋಡಿಸಿ ಟೇಪ್ ಹಿಡಿಯಿರಿ. ಲೀಗಲ್ ಅಳತೆಯ ಕಾಗದ 356 ಎಂಎಂ ಉದ್ದ, ಫೈಲು ಇನ್ನಷ್ಟು. ಬಾಗಿಲಿನ ಒಳಗಡೆ ಬೀಗದ ಡಬ್ಬಿಯೇ ಸುಮಾರು 50 ಎಂಎಂ ತಿನ್ನುತ್ತದೆ, ಅದನ್ನು ಕಳೆದು ಉಳಿದ ಆಳ ಲೆಕ್ಕಕ್ಕೆ ಬರಬೇಕು. ಕ್ರಯಪತ್ರವನ್ನು ಮಡಚಿ ತುರುಕುವ ತಿಜೋರಿ ಬೇಡ.

ತಗಡಿನ ದಪ್ಪ ತಿಳಿಯಲು ಎರಡು ಉಪಾಯಗಳಿವೆ. ತಳದಲ್ಲಿ ಬೋಲ್ಟಿಗೆಂದು ಬಿಟ್ಟ ತೂತಿನ ರಬ್ಬರ್ ಬಿರಡೆ ತೆಗೆದು ವರ್ನಿಯರ್ ಇಟ್ಟರೆ ದಪ್ಪ ನೇರವಾಗಿ ಸಿಗುತ್ತದೆ. ಅಂಗಡಿಯವರು ಬಿಡದಿದ್ದರೆ ತೂಕದಿಂದ ಲೆಕ್ಕ ಹಾಕಿ: 1 ಚದರ ಮೀಟರ್ ಉಕ್ಕಿನ ತಗಡು 1 ಎಂಎಂ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. 45×35×35 ಸೆಂ.ಮೀ. ಪೆಟ್ಟಿಗೆಯ ಆರೂ ಮುಖ ಸೇರಿ 0.875 ಚದರ ಮೀಟರ್. ಇಡೀ ಪೆಟ್ಟಿಗೆ 2 ಎಂಎಂ ತಗಡಿನದಾದರೆ ಸುಮಾರು 14 ಕಿಲೋ, 4 ಎಂಎಂ ಆದರೆ 27 ಕಿಲೋ. ಆ ಅಳತೆಯ ಪೆಟ್ಟಿಗೆ 15 ಕಿಲೋ ಇದ್ದು ಮಾರುವವರು "ಹೆವಿ ಗೇಜ್" ಎಂದರೆ ಕೈಬಿಡಿ. ನಾನು ಇಟ್ಟುಕೊಂಡ ಕನಿಷ್ಠ ಮಿತಿ ಮೈಗೆ 4 ಎಂಎಂ, ಬಾಗಿಲಿಗೆ 6 ಎಂಎಂ.

ಬಾಗಿಲು ಚೌಕಟ್ಟಿನ ಒಳಕ್ಕೆ ಕೂತಿರಬೇಕು, ಮೇಲೆ ಮುಚ್ಚಿದಂತಿರಬಾರದು. ಸುತ್ತಲಿನ ಸಂದಿಯಲ್ಲಿ ಒಂದು ರೂಪಾಯಿ ನಾಣ್ಯ ಸಲೀಸಾಗಿ ನುಗ್ಗಿದರೆ ಹಾರೆಯ ಮೂತಿಗೂ ಜಾಗವಿದೆ ಎಂದರ್ಥ. ಬಾಗಿಲಿನ ಬೋಲ್ಟುಗಳು 20 ಎಂಎಂ ದಪ್ಪವಿದ್ದು, ಹಿಂಜಿನ ಕಡೆಯೂ ಚೌಕಟ್ಟಿನೊಳಗೆ ಹೋಗುವ ಸ್ಥಿರ ಬೋಲ್ಟ್ ಇರಬೇಕು. ಅದಿಲ್ಲದಿದ್ದರೆ ಹಿಂಜು ಕತ್ತರಿಸಿದ ಕೂಡಲೇ ಬಾಗಿಲು ಕೈಗೆ ಬರುತ್ತದೆ.

ಬೀಗದ ವಿಷಯಕ್ಕೆ ಬಂದರೆ, ಅಗ್ಗದ ಎಲೆಕ್ಟ್ರಾನಿಕ್ ಮಾಡೆಲ್ಲುಗಳಲ್ಲಿ ಹಿಡಿಯನ್ನು ತಡೆದಿರುವುದು ಸ್ಪ್ರಿಂಗಿನ ಮೇಲೆ ನಿಂತ, ಕರೆಂಟು ಬಂದಾಗ ಸರಿಯುವ ಸಣ್ಣ ಸೊಲೆನಾಯ್ಡ್ ಕಡ್ಡಿ. ಬಲವಾಗಿ ಅದುರಿದರೆ ಅದು ಜಾಗ ಬಿಟ್ಟು ಜಿಗಿಯುವ ಸಾಧ್ಯತೆ ಇದೆ. ಮೋಟಾರಿನಿಂದ ತಿರುಗುವ ಬೀಗಕ್ಕೆ ಈ ದೌರ್ಬಲ್ಯವಿಲ್ಲ, ಹಾಗಾಗಿ ಅದನ್ನೇ ಕೇಳಿ ತೆಗೆದುಕೊಂಡೆ. ಮಾನ್ಯತೆ ನೋಡುವುದಾದರೆ ಭಾರತದಲ್ಲಿ ತಿಜೋರಿಗೆ ಇರುವ ಮಾನಕ ಐಎಸ್ 550. ಯುರೋಪಿನದಾದರೆ ಇಎನ್ 14450 ಮನೆ ಬಳಕೆಯ ಮಟ್ಟದ್ದು, ಇಎನ್ 1143-1 ಅದಕ್ಕಿಂತ ಗಟ್ಟಿ. ಬರೀ "ಹೈ ಸೆಕ್ಯುರಿಟಿ" ಎಂಬ ಸ್ಟಿಕ್ಕರಿಗೆ ಬೆಲೆ ಕೊಡಬೇಡಿ.

ಫ್ಲಾಟಿನ ನೆಲಕ್ಕೆ ಬಿಗಿದದ್ದು

ನಮ್ಮ ಫ್ಲಾಟಿನ ಒಳಗೋಡೆಗಳು 4 ಇಂಚಿನ ಬ್ಲಾಕ್. ಆದ್ದರಿಂದ ಮುಖ್ಯ ಹಿಡಿತವನ್ನು ಸ್ಲ್ಯಾಬಿಗೆ ಕೊಟ್ಟು, ಗೋಡೆಯದನ್ನು ಹೆಚ್ಚುವರಿ ಎಂದಷ್ಟೇ ಇಟ್ಟುಕೊಂಡೆ. ಜಾಗ ಮಲಗುವ ಕೋಣೆಯ ವಾರ್ಡ್‌ರೋಬಿನ ಮೂಲೆ. ಎರಡು ಕಡೆ ಗೋಡೆ ಒತ್ತಿ ನಿಂತರೆ ಹಾರೆ ಆಡಿಸಲು ಜಾಗವಿರುವುದಿಲ್ಲ. ಬಾತ್‌ರೂಮಿಗೆ ಹೊಂದಿದ ಗೋಡೆ ಬೇಡ: ಪೈಪಿನ ಭಯ ಒಂದು ಕಡೆ, ತೇವ ಇನ್ನೊಂದು ಕಡೆ. ಸ್ವಿಚ್‌ಬೋರ್ಡಿನ ನೇರ ಮೇಲೆ ಕೆಳಗೆ ವೈರಿನ ಪೈಪು ಇರುತ್ತದೆ, ಆ ಗೆರೆಯೂ ಬೇಡ.

ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಇರುವ ಕಟ್ಟಡದಲ್ಲಿ ನೆಲ ಕೊರೆಯಲೇಬಾರದು, ಒಳಗೆ ಬಿಗಿದೆಳೆದ ಉಕ್ಕಿನ ಹುರಿಗಳಿರುತ್ತವೆ. ಅಸೋಸಿಯೇಷನ್ನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡ ಮೇಲೇ ಡ್ರಿಲ್ ಎತ್ತಿದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ವಾಟ್ಸಾಪಿನಲ್ಲಾದರೂ ಬರಹದಲ್ಲಿ ಪಡೆಯಿರಿ.

ಬಡಗಿಯಿಂದ ವಾರ್ಡ್‌ರೋಬಿನ ತಳದ ಪ್ಲೈ ಕತ್ತರಿಸಿ ತೆಗೆಸಿದ್ದರಿಂದ ತಿಜೋರಿ ಟೈಲ್ಸಿನ ಮೇಲೆ ನೇರವಾಗಿ ಕೂತಿತು. ಅದನ್ನು ಜಾಗದಲ್ಲಿಟ್ಟು, ತಳದ ತೂತುಗಳಿಂದ ಮಾರ್ಕರಿನಲ್ಲಿ ಗುರುತು ಹಾಕಿ ಹೊರಕ್ಕೆ ಎಳೆಯಬೇಕು. ಮೊದಲು ಟೈಲ್ಸ್ ಮಾತ್ರ: ವಜ್ರದ ಬಿಟ್ಟು, ಡ್ರಿಲ್ಲಿನ ಹ್ಯಾಮರ್ (ಬಡಿತ) ಬಂದ್, ಸ್ವಲ್ಪ ನೀರು. ವಿಟ್ರಿಫೈಡ್ ಟೈಲ್ಸಿನ ಮೇಲೆ ಹ್ಯಾಮರ್ ಹಾಕಿದರೆ ಮೂಲೆಯಿಂದ ಮೂಲೆಗೆ ಬಿರುಕು. ಟೈಲ್ಸ್ ದಾಟಿದ ಮೇಲೆ ರೋಟರಿ ಹ್ಯಾಮರಿಗೆ 14 ಎಂಎಂ ಬಿಟ್ಟು. ಟೈಲ್ಸಿನ ಕೆಳಗೆ 40–50 ಎಂಎಂ ಗಾರೆ ಹಾಸು ಇರುತ್ತದೆ, ಅದು ಬೋಲ್ಟನ್ನು ಹಿಡಿಯುವುದಿಲ್ಲ. ಅಲ್ಲಿ ಬಿಟ್ಟು ಸರಾಗವಾಗಿ ಇಳಿದು, ಕಾಂಕ್ರೀಟ್ ಮುಟ್ಟಿದಾಗ ಸದ್ದು ಗಡಸಾಗಿ ವೇಗ ಕುಗ್ಗುತ್ತದೆ. ಆ ಬಿಂದುವಿನಿಂದ ಕೆಳಗೆ 75 ಎಂಎಂ ಎಣಿಸಿ, ಬಿಟ್ಟಿಗೆ ಟೇಪ್ ಸುತ್ತಿ ಮಿತಿ ಗುರುತಿಸಿಕೊಂಡೆ. ಸ್ಲ್ಯಾಬ್ 125–150 ಎಂಎಂ ಇದ್ದರೆ ತಳದಲ್ಲಿ 50 ಎಂಎಂ ಉಳಿಯಬೇಕು, ಇಲ್ಲದಿದ್ದರೆ ಕೆಳಗಿನ ಮನೆಯವರ ಸೀಲಿಂಗಿನ ಪ್ಲಾಸ್ಟರ್ ಉದುರುತ್ತದೆ. ಕೆಳಗಿನವರ ಲೈಟು ಫ್ಯಾನಿನ ಪೈಪುಗಳೂ ಇದೇ ಸ್ಲ್ಯಾಬಿನಲ್ಲಿ ಹಾದಿರುತ್ತವೆ. ಅದಕ್ಕೇ ಕೊರೆಯುವ ಮೊದಲು ಕಂಬಿ, ವೈರು ಪತ್ತೆ ಮಾಡುವ ಡಿಟೆಕ್ಟರ್ ಆಡಿಸಿ ನೋಡಬೇಕು. ಕಂಬಿ ಸಿಕ್ಕಿದರೆ ಅದನ್ನು ಕತ್ತರಿಸಬೇಡಿ, ತಿಜೋರಿಯನ್ನೇ ಎರಡು ಇಂಚು ಸರಿಸಿ ಹೊಸ ತೂತು ಕೊರೆಯಿರಿ.

ಸ್ಲ್ಯಾಬಿಗೂ ನಾನು ಕೆಮಿಕಲ್ ಆಂಕರನ್ನೇ ಹಾಕಿದೆ. ಅದು ಕೈಕೊಡುವುದು ಹೆಚ್ಚಾಗಿ ಧೂಳಿನಿಂದ. ತೂತಿನಲ್ಲಿ ಹಿಟ್ಟು ಉಳಿದರೆ ಅಂಟು ಕಾಂಕ್ರೀಟಿಗಲ್ಲ, ಧೂಳಿಗೆ ಅಂಟುತ್ತದೆ. ಟೈಲ್ಸಿಗೆ ಹಾಕಿದ ನೀರು ಪೂರ್ತಿ ಒಣಗಲು ಬಿಟ್ಟು, ಊದುವ ಪಂಪಿನಿಂದ ಊದಿ, ತಂತಿ ಬ್ರಷ್ ತಿರುಗಿಸಿ, ಮತ್ತೆ ಊದಬೇಕು. ಪುಡಿ ಬರುವುದು ನಿಲ್ಲುವವರೆಗೂ ಇದೇ ಕೆಲಸ. ಟ್ಯೂಬಿನಿಂದ ಮೊದಲು ಬರುವ ಅಂಟನ್ನು ಬಣ್ಣ ಒಂದೇ ಸಮ ಆಗುವ ತನಕ ಕಾಗದದ ಮೇಲೆ ಬಿಟ್ಟು ಎಸೆಯಬೇಕು, ಎರಡು ಭಾಗ ಬೆರೆಯದ ಅಂಟು ಗಟ್ಟಿಯಾಗುವುದಿಲ್ಲ. ಮೂತಿಯನ್ನು ತಳಕ್ಕಿಟ್ಟು ಹಿಂದೆ ಎಳೆಯುತ್ತಾ ಮೂರನೇ ಎರಡು ಭಾಗ ತುಂಬಿ, 160 ಎಂಎಂ ಉದ್ದದ ಎಂ12 (12 ಎಂಎಂ ದಪ್ಪದ) ರಾಡನ್ನು ತಿರುಗಿಸುತ್ತಾ ಇಳಿಸಿದೆ. ಟೈಲ್ಸ್ ಮತ್ತು ಅದರ ಕೆಳಗಿನ ಗಾರೆಗೆ 60, ಕಾಂಕ್ರೀಟಿಗೆ 75, ತಳದ ತಗಡು, ವಾಷರ್, ನಟ್ಟಿಗೆ 25. ರಾಡುಗಳು ತಿಜೋರಿಯ ತೂತಿಗೆ ಸರಿಹೊಂದಲಿ ಎಂದು ಅದೇ ಅಳತೆಗೆ ಕೊರೆದ ಪ್ಲೈ ತುಂಡೊಂದನ್ನು ಅಚ್ಚಾಗಿ ಇಟ್ಟಿದ್ದೆ. ರಾತ್ರಿ ಪೂರ್ತಿ ಒಣಗಲು ಬಿಟ್ಟು ಬೆಳಿಗ್ಗೆ ತಿಜೋರಿ ಇಳಿಸಿ, 50 ಎಂಎಂ ಅಗಲದ ದಪ್ಪ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ನಟ್. ವಾಷರ್ ಚಿಕ್ಕದಾದರೆ ಮೀಟುವ ಬಲಕ್ಕೆ ಬೋಲ್ಟು ತಗಡನ್ನೇ ಹರಿದುಕೊಂಡು ಹೊರಬರುತ್ತದೆ. ರಾಡು, ಅಂಟು, ಅಂಟು ಒತ್ತುವ ಗನ್, ಬಿಟ್ಟು ಎಲ್ಲವೂ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ.

ಹಳೆಯ ಮನೆಯ ರೆಡ್‌ಆಕ್ಸೈಡ್ ನೆಲ

ಹನುಮಂತನಗರದ ಮನೆಯಲ್ಲಿ ಸ್ಲ್ಯಾಬಿನ ಆಟ ನಡೆಯುವುದಿಲ್ಲ. ನೆಲಮಹಡಿಯ ರೆಡ್‌ಆಕ್ಸೈಡ್ ಕೆಳಗೆ ಇರುವುದು ತೆಳು ಕಾಂಕ್ರೀಟು, ಅದರ ಕೆಳಗೆ ತುಂಬಿದ ಮಣ್ಣು. ಬೋಲ್ಟು ಹಾಕಿದರೆ ಹೆಂಟೆಯ ಸಮೇತ ಏಳುತ್ತದೆ. ಅಲ್ಲಿ ಕಾಂಕ್ರೀಟಿನ ಪೀಠವನ್ನೇ ಎರಕ ಹೊಯ್ದದ್ದು. 60×50 ಸೆಂ.ಮೀ. ಜಾಗವನ್ನು ಕಟ್ಟರಿನಲ್ಲಿ ಕತ್ತರಿಸಿ 20 ಸೆಂ.ಮೀ. ಆಳ ಅಗೆದು, ಗೆದ್ದಲು ಔಷಧಿ ಹೊಡೆದು, ಪ್ಲಾಸ್ಟಿಕ್ ಶೀಟ್ ಹಾಸಿದೆ. 10 ಎಂಎಂ ಕಂಬಿಯನ್ನು 15 ಸೆಂ.ಮೀ.ಗೊಂದರಂತೆ ಚೌಕ ಕಟ್ಟಿ, ತಿಜೋರಿ ತಳದ ತೂತಿಗೆ ಹೊಂದುವಂತೆ ಜೆ ಅಕ್ಷರದಂತೆ ತುದಿ ಬಾಗಿದ ನಾಲ್ಕು ಜೆ ಬೋಲ್ಟ್ ನಿಲ್ಲಿಸಿ, ಒಂದಕ್ಕೆ ಒಂದೂವರೆಗೆ ಮೂರು ಹದದಲ್ಲಿ ಸಿಮೆಂಟು, ಎಂ ಸ್ಯಾಂಡ್, 20 ಎಂಎಂ ಜಲ್ಲಿ. ನೆಲದಿಂದ 15 ಸೆಂ.ಮೀ. ಮೇಲಕ್ಕೆ ಎತ್ತಿದ್ದರಿಂದ ಒಟ್ಟು 0.105 ಘನ ಮೀಟರ್ ಆಯಿತು. ಒಂದು ಮೂಟೆ ಸಿಮೆಂಟಿನಲ್ಲಿ ಮುಗಿಯುತ್ತದೆ, ಪೀಠದ ತೂಕ ಸುಮಾರು 250 ಕಿಲೋ. ಒದ್ದೆ ಗೋಣಿಚೀಲ ಹೊದಿಸಿ 7 ದಿನ ಕ್ಯೂರಿಂಗ್ ಆದ ಮೇಲೆ ತಿಜೋರಿ ಕೂರಿಸಿ ನಟ್ ಬಿಗಿದೆ.

ಪೀಠ ಎತ್ತಿದ್ದಕ್ಕೆ ಕಾರಣ ನೀರು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೆಲಮಹಡಿಗಳಿಗೆ ನೀರು ನುಗ್ಗಿದ್ದನ್ನು ಊರೆಲ್ಲ ನೋಡಿದೆ. ಅಷ್ಟಾಗದಿದ್ದರೂ ಮಳೆಗಾಲದಲ್ಲಿ ಚರಂಡಿ ಕಟ್ಟಿ ನಾಲ್ಕು ಇಂಚು ನೀರು ಬರುವುದು ಹೊಸದೇನಲ್ಲ. ತಗ್ಗು ಬಡಾವಣೆಯಲ್ಲಿ ಮನೆಯಿದ್ದರೆ ತಿಜೋರಿ ಮೊದಲ ಮಹಡಿಗೇ ಹೋಗಲಿ. ಇನ್ನು ಗೆದ್ದಲು, ನೆಲಮಹಡಿಯಲ್ಲಿ ಬೋಲ್ಟಿನ ತೂತಿನ ಸಂದಿಯಿಂದಲೇ ಒಳಬಂದು ಪತ್ರ ತಿನ್ನುತ್ತದೆ. ಬಿಗಿದ ಮೇಲೆ ಪ್ರತಿ ತೂತಿನ ಸುತ್ತ ಸಿಲಿಕೋನ್ ತುಂಬಿ, ಬಳಸದ ತೂತುಗಳಿಗೆ ಬಿರಡೆ ಹಾಕಿ.

ಬೆಂಕಿ, ತೇವ, ಕೀಲಿ

ಕಳ್ಳರನ್ನು ತಡೆಯುವ ತಿಜೋರಿ ಬೆಂಕಿಯನ್ನು ತಡೆಯುವುದಿಲ್ಲ. ಬರೀ ಉಕ್ಕು ಕಾವನ್ನು ನೇರ ಒಳಗೆ ಬಿಡುತ್ತದೆ, ಒಳಗಿನ ಕಾಗದ ಕರಕಲಾಗುತ್ತದೆ. ಬೆಂಕಿಯದಕ್ಕೆ ಅಮೆರಿಕದ ಯುಎಲ್ 72ರಂಥ ಮಾನಕ, ಎಷ್ಟು ಹೊತ್ತು ತಡೆಯುತ್ತದೆ ಎಂಬ ಅವಧಿ, ಎರಡೂ ಬರೆದಿರಬೇಕು. ಕಾಗದದ ದರ್ಜೆಯಲ್ಲಿ ಒಳಗಿನ ಬಿಸಿ 177 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಡಿಜಿಟಲ್ ವಸ್ತುಗಳ ದರ್ಜೆಯಲ್ಲಿ 52 ಡಿಗ್ರಿ. ಅಂದರೆ ಕಾಗದ ಉಳಿಸುವ ತಿಜೋರಿ ಹಾರ್ಡ್‌ಡಿಸ್ಕನ್ನು ಉಳಿಸಲಾರದು. ನಾನು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹುಡುಕಲಿಲ್ಲ. ಒಡವೆ ಉಕ್ಕಿನ ತಿಜೋರಿಯಲ್ಲಿ. ಪತ್ರಗಳ ಸ್ಕ್ಯಾನ್ ಬೇರೆ ಊರಿನ ನೆಂಟರ ಮನೆಯ ಪೆನ್‌ಡ್ರೈವಿನಲ್ಲಿ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಸಿಗುತ್ತದೆ.

ಮುಚ್ಚಿದ ಪೆಟ್ಟಿಗೆಯೊಳಗೆ ಜೂನಿನಿಂದ ಅಕ್ಟೋಬರ್ ತನಕ ತೇವ ಕಟ್ಟುತ್ತದೆ. ಬಣ್ಣ ಬದಲಿಸುವ ಸಿಲಿಕಾ ಜೆಲ್ 200 ಗ್ರಾಂ ಇಡಿ, ಬಣ್ಣ ತಿರುಗಿದಾಗ ಓವನ್ನಿನಲ್ಲಿ 120 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಬಹುದು. ಬೆಳ್ಳಿ ಸಾಮಾನಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ವರ್ಷಕ್ಕೊಮ್ಮೆ ಅಷ್ಟೇ ತೊಡುವ ಒಡವೆ ಬ್ಯಾಂಕ್ ಲಾಕರಿನಲ್ಲಿ ಇರಲಿ. ಆದರೆ ಅಲ್ಲಿಯೂ ಮಿತಿಯಿದೆ: ರಿಸರ್ವ್ ಬ್ಯಾಂಕಿನ 2021ರ ನಿಯಮದಂತೆ ಕಳ್ಳತನ, ಬೆಂಕಿ, ಸಿಬ್ಬಂದಿ ವಂಚನೆ ಇಂಥವುಗಳಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ವರ್ಷಕ್ಕೆ 3,000 ರೂಪಾಯಿ ಬಾಡಿಗೆಯಾದರೆ 3 ಲಕ್ಷ. ಮನೆಯ ವಿಮೆಯನ್ನೂ ಓದಿ ನೋಡಿ. 2021ರ ಏಪ್ರಿಲ್‌ನಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿ ಮುಖ್ಯವಾಗಿ ಬೆಂಕಿ, ಪ್ರವಾಹದಂಥವಕ್ಕೆ. ಕನ್ನಗಳವಿಗೆ ರಕ್ಷಣೆ ಬೇಕಿದ್ದರೆ ಬೇರೆಯಾಗಿ ಸೇರಿಸಬೇಕು, ಒಡವೆಯನ್ನು ಪಟ್ಟಿ ಮಾಡಿ ಬೆಲೆ ಕಟ್ಟಿಸಬೇಕು.

ಆ ಕನ್ನಗಳವಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಷರತ್ತನ್ನು ಕೊಂಡ ದಿನವೇ ಗಮನಿಸಿ: ಬಲಪ್ರಯೋಗವಿಲ್ಲದೆ ಕೈಗೆ ಸಿಕ್ಕ ಕೀಲಿಯಿಂದ ತಿಜೋರಿ ತೆರೆದಿದ್ದರೆ ಪರಿಹಾರವಿಲ್ಲ. ಎಲೆಕ್ಟ್ರಾನಿಕ್ ತಿಜೋರಿಯ ಜೊತೆ ಬರುವ ತುರ್ತು ಕೀಲಿಗಳನ್ನು ದೇವರ ಕೋಣೆಯಲ್ಲೋ ಸೀರೆಯ ಮಡಿಕೆಯಲ್ಲೋ ಇಡುವವರು ಇದನ್ನು ಯೋಚಿಸಬೇಕು. ನಮ್ಮ ಎರಡೂ ಮನೆಯ ಕೀಲಿಗಳು ಬ್ಯಾಂಕ್ ಲಾಕರಿನಲ್ಲಿವೆ. ಕಾರ್ಖಾನೆಯ ನಂಬರನ್ನು ಮೊದಲ ದಿನವೇ ಬದಲಾಯಿಸಿದ್ದಾಗಿದೆ. ಹೊಸ ನಂಬರನ್ನು ಬಾಗಿಲು ತೆರೆದಿಟ್ಟುಕೊಂಡೇ ಮೂರು ಸಲ ಒತ್ತಿ ನೋಡಿ, ಆಮೇಲಷ್ಟೇ ಮುಚ್ಚಿ. ಒಳಗಿನ ನಾಲ್ಕು ಎಎ ಸೆಲ್‌ಗಳು ಆಲ್ಕಲೈನ್ ಆಗಿರಲಿ, ಪ್ರತಿ ಯುಗಾದಿಗೆ ಬದಲಾಯಿಸಿದರೆ ಸೋರಿ ತುಕ್ಕು ಹಿಡಿಸುವುದಿಲ್ಲ. ಅಷ್ಟರಲ್ಲಿ ಸೆಲ್ ಸತ್ತರೂ, ಹೊರಗಿನಿಂದ 9 ವೋಲ್ಟ್ ಬ್ಯಾಟರಿ ಒತ್ತಿ ಹಿಡಿಯುವ ತುದಿಗಳಿರುವ ಮಾಡೆಲ್ ಆದರೆ ಕೀಲಿಗಾಗಿ ಬ್ಯಾಂಕಿಗೆ ಓಡಬೇಕಾಗಿಲ್ಲ.