ಗುಂಯ್‌ಗುಡುವ ಸಣ್ಣ ಕೋಣೆಗೆ ಇನ್ನೊಂದು ಸಬ್‌ವೂಫರ್

ಡೊಂಬಿವಲಿಯ ನಮ್ಮ ಹಾಲ್ ಉದ್ದ 3.4 ಮೀಟರ್. ಬೇಸ್ ಗಿಟಾರಿನ ಒಂದು ಸ್ವರ ಬಂದಾಗ ಗೋಡೆಗೆ ಒರಗಿ ಕೂತವರಿಗೆ ಕೋಣೆಯೇ ಗುಂಯ್ ಅನ್ನುತ್ತಿತ್ತು, ಎದ್ದು ನಡುಮಧ್ಯಕ್ಕೆ ಬಂದರೆ ಅದೇ ಸ್ವರ ಮಾಯ! ಎರಡು ಗೋಡೆಗಳ ನಡುವೆ ಹೀಗೆ ಪುಟಿದಾಡುವ ಸ್ವರ ಯಾವುದು ಅನ್ನೋ ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. ನಮಗೆ ಸುಮಾರು 50 ಹರ್ಟ್ಜ್ (ಸೆಕೆಂಡಿಗೆ 50 ಕಂಪನ) ಬಂತು.

ಇದಕ್ಕೆ ಎರಡಿಂಚು ಫೋಮ್ ಅಂಟಿಸಿ ದುಡ್ಡು ಕಳೆಯಬೇಡಿ (ನಾನು ಕಳೆದಿದ್ದೇನೆ). ಫೋಮ್ ಚೆನ್ನಾಗಿ ಹೀರಬೇಕಾದರೆ ಅಲೆಯ ಉದ್ದದ ಕಾಲು ಭಾಗದಷ್ಟು ದಪ್ಪ ಬೇಕು, ಈ ಅಲೆಗೆ ಅದೇ 1.7 ಮೀಟರ್, ಅಷ್ಟು ದಪ್ಪ ಫೋಮ್ ಇಟ್ಟರೆ ನಾವು ಎಲ್ಲಿರೋದು?

ಸ್ಪೀಕರಿನಿಂದಲೇ ಶಬ್ದ ಹೀರಿಸೋದು ಹಳೇ ಯೋಚನೆ, 1953ರಲ್ಲೇ ಅಮೆರಿಕದ ಹ್ಯಾರಿ ಓಲ್ಸನ್ ಮತ್ತು ಎವರೆಟ್ ಮೇ ಮೈಕ್ ಜೋಡಿಸಿ ಮಾಡಿ ತೋರಿಸಿದ್ದರು. ಮನೆಗೆ ಮೈಕ್ ಇಲ್ಲದ ದಾರಿ ಸಾಕು. ಮುಂದಿನ ಗೋಡೆಯ ಸಬ್‌ನಂಥದ್ದೇ (ಸಬ್ ಅಂದರೆ ಸಬ್‌ವೂಫರ್, ತಗ್ಗು ಸ್ವರಗಳ ಸ್ಪೀಕರ್) ಇನ್ನೊಂದನ್ನು ಹಿಂದಿನ ಗೋಡೆಗೆ ಇಡಿ. ಎರಡೂ ಆಯಾ ಗೋಡೆಯ ನಟ್ಟನಡುವೆ, ಅರ್ಧ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಅಗಲ ಮತ್ತು ಎತ್ತರದ ಅನುರಣನ ಬೇರೆ ಎದ್ದು ಕೂರುತ್ತದೆ. ಸ್ಟೂಲ್ ಮೇಲಿಟ್ಟೆ. ಸೋಫಾ ಜಾಗ ಬಿಡಬೇಕಾಯ್ತು, ಆ ಜಗಳ ಇನ್ನೂ ಮುಗಿದಿಲ್ಲ.

ಹಿಂದಿನದಕ್ಕೂ ಅದೇ ಸಿಗ್ನಲ್ ಕೊಡಿ, ಆದರೆ ಉಲ್ಟಾ ಮಾಡಿ, ತಡವಾಗಿ. ಉಲ್ಟಾ ಅಂದರೆ 180 ಡಿಗ್ರಿ ಸ್ವಿಚ್, ಅದಿಲ್ಲದಿದ್ದರೆ ಸ್ಪೀಕರಿನ ಕೆಂಪು ಕಪ್ಪು ವೈರ್ ಅದಲು ಬದಲು. ತಡ ಅಂದರೆ ಉದ್ದವನ್ನು 343ರಿಂದ ಭಾಗಿಸಿ, ನಮಗೆ 10 ಮಿಲಿಸೆಕೆಂಡ್. ಮುಂದಿನಿಂದ ಹೊರಟ ಅಲೆ ಹಿಂದಿನ ಗೋಡೆ ಮುಟ್ಟುವ ಹೊತ್ತಿಗೆ ಅಲ್ಲಿನ ಕೋನ್ ಒಳಕ್ಕೆ ಸರಿಯುತ್ತದೆ, ಅಲೆಗೆ ಅಲ್ಲಿ ಗೋಡೆಯೇ ಇಲ್ಲ, ಕಿಟಕಿ ತೆರೆದಿದೆ ಅನ್ನಿಸುತ್ತದೆ, ವಾಪಸ್ ಬರೋದಿಲ್ಲ. ಇದಕ್ಕೆ ಡಿಲೇ (ತಡ) ಕೊಡುವ ಡಿಎಸ್‌ಪಿ ಪೆಟ್ಟಿಗೆ, ಅಂದರೆ ಸಿಗ್ನಲ್ಲನ್ನು ಡಿಜಿಟಲ್ ಆಗಿ ತಿದ್ದುವ ಸಾಧನ, ಬೇಕು. ಸಬ್ ಹಿಂದಿನ ಫೇಸ್ ಗುಂಡಿ ಸಾಲದು, ಅದು ಎಲ್ಲಾ ಫ್ರೀಕ್ವೆನ್ಸಿಗೂ ಒಂದೇ ತಡ ಕೊಡೋದಿಲ್ಲ.

ಹಿಂದಿನದರ ವಾಲ್ಯೂಮ್ ಮೂರು ಡೆಸಿಬೆಲ್ ಕಮ್ಮಿಯಿಂದ ಶುರು ಮಾಡಿ, ಯಾಕೆಂದರೆ ಬರುವ ದಾರಿಯಲ್ಲೇ ಅಲೆ ಸ್ವಲ್ಪ ಸವೆದಿರುತ್ತದೆ.

ಕಿವಿಯನ್ನು ನಂಬಬೇಡಿ. ಕೋಣೆಯ ಶಬ್ದ ಅಳೆಯುವ ಆರ್‌ಇಡಬ್ಲ್ಯೂ (ರೂಮ್ ಇಕ್ಯೂ ವಿಝರ್ಡ್) ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅಳತೆ ಮೈಕ್ ಇಟ್ಟು ಹಿಂದಿನ ಸಬ್ ಬಂದ್ ಮಾಡಿ ಒಮ್ಮೆ, ಚಾಲೂ ಮಾಡಿ ಒಮ್ಮೆ ವಾಟರ್‌ಫಾಲ್ ಚಿತ್ರ (ಪ್ರತಿ ಸ್ವರ ಎಷ್ಟು ಹೊತ್ತಿಗೆ ಅಡಗುತ್ತದೆ ಅಂತ ತೋರಿಸುವ ಗ್ರಾಫ್) ತೆಗೆಯಿರಿ. 50ರ ಬಾಲ ಮೋಟಾಗಿರಬೇಕು. ಉದ್ದವಾಗಿದ್ದರೆ ಉಲ್ಟಾ ಮಾಡಿದ್ದು ಮತ್ತೆ ಸುಲ್ಟಾ ಆಗಿದೆ, ವೈರ್ ನೋಡಿ.